ಮೊದಲು ಸೀಟಿನ ಬಗೆ, ಆಮೇಲೆ ಕಾಲೇಜಿನ ಹೆಸರು

ಏಪ್ರಿಲ್ ತಿಂಗಳ ಬಿಸಿಲಲ್ಲಿ ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರದ ತೋಟವೊಂದರಲ್ಲಿ, ಒಣದ್ರಾಕ್ಷಿ ಶೆಡ್ಡಿನ ನೆರಳಿಗೆ ಕೂತಿದ್ದೆ. ಸಾಲು ಸಾಲು ಬಲೆಗಳ ಮೇಲೆ ಹರವಿದ ದ್ರಾಕ್ಷಿ ಹಸಿರು ಬಿಟ್ಟು ಹಳದಿಗೆ ತಿರುಗುತ್ತಿತ್ತು. ತೋಟದ ಯಜಮಾನರ ಮಗಳು ಮುಂದಿನ ತಿಂಗಳು ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರೆಯುವವಳಿದ್ದಳು. ಅವರು ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದರು. ಅದರಲ್ಲಿ ಮೂರು ಕಾಲೇಜುಗಳ ಹೆಸರು. "ಇದರಾಗ ಯಾವುದು ಚಲೋ ಹೇಳ್ರಿ ಸರ. ಮನೂಕ ಈ ಸಲ ಚಲೋ ರೇಟಿಗೆ ಹೋದ್ರ ಒಂದ್ ವರ್ಷದ ಫೀ ಹೆಂಗೋ ಆಕ್ಕೈತಿ."

ಮೂರೂ ಒಳ್ಳೆಯ ಕಾಲೇಜುಗಳೇ. ಆದರೆ ಆ ಹಾಳೆಯಲ್ಲಿ ಇರಬೇಕಾದ ಒಂದು ಮಾತು ಇರಲಿಲ್ಲ: ಯಾವ ಸೀಟು? ಒಂದೇ ಕಾಲೇಜು, ಒಂದೇ ಬೆಂಚು, ಒಂದೇ ಪಾಠ. ಪಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬರು ವರ್ಷಕ್ಕೆ ಒಂದೂವರೆ ಲಕ್ಷ ಕಟ್ಟಿರುತ್ತಾರೆ, ಇನ್ನೊಬ್ಬರು ಹನ್ನೆರಡು ಲಕ್ಷ. ಕಾಲೇಜಿನ ಹೆಸರು ಹಿಡಿದು ಹೊರಟವರಿಗೆ ಈ ವ್ಯತ್ಯಾಸ ಗೊತ್ತಾಗುವುದು ಶುಲ್ಕ ಕಟ್ಟುವ ದಿನ.

ಅಮೆರಿಕದಲ್ಲಿ ವೈದ್ಯರಾಗುವವರು ಮೊದಲು ನಾಲ್ಕು ವರ್ಷದ ಪದವಿ ಮುಗಿಸಿ ಆಮೇಲೆ ವೈದ್ಯಕೀಯ ಶಾಲೆಗೆ ಅರ್ಜಿ ಹಾಕುತ್ತಾರೆ. ನಮ್ಮಲ್ಲಿ ದ್ವಿತೀಯ ಪಿಯುಸಿ ಮುಗಿದ ಹದಿನೇಳು ಹದಿನೆಂಟರ ಹುಡುಗ ಹುಡುಗಿಯರೇ ಮುಂದಿನ ಐದೂವರೆ ವರ್ಷವನ್ನು, ಮನೆಯ ಮುಂದಿನ ಹತ್ತು ವರ್ಷದ ಹಣಕಾಸನ್ನು, ಕೆಲವೇ ದಿನಗಳಲ್ಲಿ ತೀರ್ಮಾನಿಸಬೇಕು. ಅದಕ್ಕೇ ತಯಾರಿ ಫಲಿತಾಂಶಕ್ಕಿಂತ ಮೊದಲೇ ಶುರುವಾಗಬೇಕು.

ನಮ್ಮೂರಿನ ಎರಡು ಕಾಲೇಜು

ವಿಜಯಪುರ ನಗರದಲ್ಲಿ ಎಂಬಿಬಿಎಸ್ ಕಲಿಸುವ ಕಾಲೇಜುಗಳು ಎರಡು. ಸೊಲ್ಲಾಪುರ ರಸ್ತೆಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು 1986ರಲ್ಲಿ ಆರಂಭವಾದದ್ದು. ಅದನ್ನು ಕಟ್ಟಿದ ಬಿಎಲ್‌ಡಿಇ ಸಂಸ್ಥೆಗೆ 1910ರಲ್ಲಿ ಬುನಾದಿ ಹಾಕಿದವರು ವಚನ ಪಿತಾಮಹ ಫ.ಗು. ಹಳಕಟ್ಟಿಯವರು. 2008ರಲ್ಲಿ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯದ ಅಡಿಗೆ ಬಂತು. ಅಥಣಿ ರಸ್ತೆಯಲ್ಲಿ, ಅಂದರೆ ತಿಕೋಟಾದಿಂದ ನಗರಕ್ಕೆ ಬರುವ ದಾರಿಯಲ್ಲೇ, ಅಲ್-ಅಮೀನ್ ವೈದ್ಯಕೀಯ ಕಾಲೇಜಿದೆ. ಅದು 1984ರದ್ದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಎರಡೂ ಮನೆಗೆ ಹತ್ತಿರ. ಆದರೆ ಎರಡರ ಬಾಗಿಲೂ ಬೇರೆ ಬೇರೆ ಕಡೆ ತೆರೆಯುತ್ತವೆ. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನು ಹಂಚುವುದು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ. ಅಲ್ಲಿ ಬಬಲೇಶ್ವರದ ಮಗುವಿಗೂ ಜೈಪುರದ ಮಗುವಿಗೂ ಒಂದೇ ಸಾಲು. 'ನಮ್ಮ ಜಿಲ್ಲಾದ ಕಾಲೇಜು, ನಮಗೊಂದು ಸೀಟು ಇರ್ತದ' ಎಂಬ ನಂಬಿಕೆ ಹಳ್ಳಿಗಳಲ್ಲಿ ಈಗಲೂ ಗಟ್ಟಿಯಾಗಿದೆ. ಅಂಥ ಸ್ಥಳೀಯ ಪಾಲು ಅಲ್ಲಿ ಇಲ್ಲ. ಅಲ್-ಅಮೀನ್‌ನಂಥ ಖಾಸಗಿ ಕಾಲೇಜುಗಳ ಸೀಟು ಬರುವುದು ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಮೂಲಕ. ಅದು ಮುಸ್ಲಿಂ ಅಲ್ಪಸಂಖ್ಯಾತ ಸಂಸ್ಥೆಯಾದ್ದರಿಂದ ಅದರ ಖಾಸಗಿ ಸೀಟುಗಳಲ್ಲಿ ಒಂದು ಪಾಲು ಕರ್ನಾಟಕದ ಮುಸ್ಲಿಂ ಅಭ್ಯರ್ಥಿಗಳಿಗೆ ಮೀಸಲು. ಆ ಸಮುದಾಯದ ಮಕ್ಕಳು ಅಲ್ಪಸಂಖ್ಯಾತರ ಕಲಂ ಅನ್ನು ಅರ್ಜಿಯಲ್ಲೇ ತುಂಬಿರಬೇಕು.

ಜಿಲ್ಲೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇಲ್ಲ. 2025ರಲ್ಲಿ ಖಾಸಗಿ ಸಹಭಾಗಿತ್ವ ಬೇಡ, ಪೂರ್ಣ ಸರ್ಕಾರಿ ಕಾಲೇಜೇ ಬೇಕು ಎಂದು ನಗರದಲ್ಲಿ ತಿಂಗಳುಗಟ್ಟಲೆ ಧರಣಿ ನಡೆಯಿತು. ಮುಂದೆ ಹೇಳುವ ಫೀ ಲೆಕ್ಕ ನೋಡಿದರೆ ಆ ಜನ ಯಾಕೆ ಬೀದಿಯಲ್ಲಿ ಕೂತರು ಎಂಬುದು ತಿಳಿಯುತ್ತದೆ.

371-ಜೆ ನಮಗಿಲ್ಲ

ವಿಜಯಪುರದ ಮಕ್ಕಳು ತಿಳಿದಿರಲೇಬೇಕಾದ, ಕೋಚಿಂಗ್ ಕ್ಲಾಸುಗಳಲ್ಲಿ ಯಾರೂ ಹೇಳದ ಸಂಗತಿ ಇದು. ಕಲಬುರಗಿ, ರಾಯಚೂರು, ಕೊಪ್ಪಳ, ಬೀದರ್, ಯಾದಗಿರಿಗಳಲ್ಲಿ ಸರ್ಕಾರಿ ಕಾಲೇಜುಗಳಿವೆ. ನಕಾಶೆ ನೋಡಿದರೆ ಕಲಬುರಗಿ ನಮಗೆ ಬಹಳ ದೂರವಲ್ಲ. ಆದರೆ ಸಂವಿಧಾನದ 371-ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಆ ಭಾಗದವರಿಗೇ ಮೀಸಲು. ವಿಜಯಪುರ ಜಿಲ್ಲೆ ಆ ಭಾಗಕ್ಕೆ ಸೇರಿಲ್ಲ. 1956ರವರೆಗೆ ನಾವು ಮುಂಬೈ ಪ್ರಾಂತದಲ್ಲಿದ್ದೆವು, ಅವರು ಹೈದರಾಬಾದಿನಲ್ಲಿದ್ದರು. ನಮ್ಮ ಜಿಲ್ಲೆಯ ಗಡಿ ದಾಟಿ ಅಫಜಲಪುರಕ್ಕೆ ಕಾಲಿಟ್ಟರೆ ಮೀಸಲಾತಿ ಇದೆ, ಈಚೆಗಿಲ್ಲ.

ಇದರಿಂದ ಆಗುವ ಎಡವಟ್ಟು ಹೀಗೆ: ಕೆಇಎ ಪ್ರತಿ ವರ್ಷ ಕಾಲೇಜುವಾರು, ವರ್ಗವಾರು ಕೊನೆಯ ರ‍್ಯಾಂಕಿನ ಪಟ್ಟಿ ಪ್ರಕಟಿಸುತ್ತದೆ. ಅದರಲ್ಲಿ ಜಿಎಂ ಎಂದರೆ ಸಾಮಾನ್ಯ ವರ್ಗ, ಜಿಎಂಆರ್ ಎಂದರೆ ಅದರಲ್ಲಿ ಗ್ರಾಮೀಣ, ಜಿಎಂಕೆ ಎಂದರೆ ಕನ್ನಡ ಮಾಧ್ಯಮ. ಸಂಕೇತದ ಕೊನೆಗೆ ಹೆಚ್ ಇದ್ದರೆ ಅದು 371-ಜೆ ಸೀಟು. ಜಿಎಂಹೆಚ್, 2ಎಹೆಚ್, 3ಬಿಹೆಚ್ ಸಾಲುಗಳಲ್ಲಿ ರ‍್ಯಾಂಕ್ ಸಡಿಲವಾಗಿರುವುದನ್ನು ನೋಡಿ 'ನಮ್ಮ ಹುಡುಗಿಗೆ ಕಲಬುರಗಿ ಸಿಕ್ಕೇ ಸಿಗ್ತದ' ಎಂದು ಸಿಹಿ ಹಂಚಿದ ಮನೆಯನ್ನು ನಾನು ಕಂಡಿದ್ದೇನೆ. ಹೆಚ್ ಅಕ್ಷರ ಇರುವ ಸಾಲನ್ನು ಬಿಟ್ಟು ಓದಿ. ನಿಮಗೆ ಲೆಕ್ಕಕ್ಕೆ ಬರುವುದು ಉಳಿದ ಸಾಲುಗಳು ಮಾತ್ರ.

ಇನ್ನೊಂದು ಕಿವಿಮಾತು. ನಮ್ಮಲ್ಲಿ ಎಷ್ಟೋ ತಾಯಂದಿರ ತವರು ಜೇವರ್ಗಿ, ಅಫಜಲಪುರದ ಕಡೆ ಇರುತ್ತದೆ. ತಂದೆ ಅಥವಾ ತಾಯಿ ಆ ಭಾಗದಲ್ಲಿ ಹುಟ್ಟಿ ಬೆಳೆದವರಾಗಿದ್ದರೆ, ಮಗುವಿಗೆ 371-ಜೆ ಅರ್ಹತಾ ಪ್ರಮಾಣಪತ್ರ ಸಿಗುತ್ತದೆಯೇ ಎಂದು ಆ ಊರು ಬರುವ ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿಯಲ್ಲಿ ಒಮ್ಮೆ ಕೇಳಿ ಬನ್ನಿ. ಒಂದು ದಿನದ ಓಡಾಟ ಅಷ್ಟೇ.

371-ಜೆ ಇಲ್ಲದ ನಮಗೆ ಹತ್ತಿರದ ಸರ್ಕಾರಿ ಆಯ್ಕೆಗಳೆಂದರೆ ಹುಬ್ಬಳ್ಳಿಯ 1957ರ ಹಳೆಯ ಕಾಲೇಜು, ಅಂದರೆ ಜನ ಈಗಲೂ ಕಿಮ್ಸ್ ಎನ್ನುವುದು, ಬೆಳಗಾವಿಯ ಬಿಮ್ಸ್, ಗದಗಿನ ಜಿಮ್ಸ್, ಹಾವೇರಿಯ ಹೊಸ ಕಾಲೇಜು. ಖಾಸಗಿಯಲ್ಲಿ ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಬಬಲೇಶ್ವರದವರಿಗೆ ಸಲೀಸು. ಸೊಲ್ಲಾಪುರದ ಸರ್ಕಾರಿ ಕಾಲೇಜು ನೂರೇ ಕಿಲೋಮೀಟರ್ ದೂರ ಇದ್ದರೂ ಅದು ಮಹಾರಾಷ್ಟ್ರದ್ದು. ಕರ್ನಾಟಕದವರಿಗೆ ಅಲ್ಲಿ ಅಖಿಲ ಭಾರತ ಕೋಟಾದ ನೂರಕ್ಕೆ 15 ಸೀಟುಗಳಲ್ಲಿ ಮಾತ್ರ ಅವಕಾಶ.

ಹಳ್ಳಿ ಶಾಲೆಯ ಬೆಲೆ

ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಮಕ್ಕಳಿಗೆ ನಿಜವಾದ ಬಲ ಇರುವುದು ಇಲ್ಲಿ. ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಕೆಇಎ ಹಂಚಿಕೆಯಲ್ಲಿ ನೂರಕ್ಕೆ 15 ಒಳಮೀಸಲಾತಿ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5. ಕಾಖಂಡಕಿಯ, ಕನಮಡಿಯ, ಮಮದಾಪುರದ ಸರ್ಕಾರಿ ಶಾಲೆಯ ಆ ಹತ್ತು ವರ್ಷ ಸಾವಿರಾರು ರ‍್ಯಾಂಕುಗಳ ಅಂತರವನ್ನು ತುಂಬಬಲ್ಲದು.

ಆದರೆ ಅದು ಕಾಗದದಲ್ಲಿ ಸಾಬೀತಾಗಬೇಕು. ಶಾಲೆಯ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಮೇಲುಸಹಿ. ಪ್ರಾಥಮಿಕ ಒಂದು ಊರಲ್ಲಿ, ಪ್ರೌಢಶಾಲೆ ಇನ್ನೊಂದು ಊರಲ್ಲಿ ಆಗಿದ್ದರೆ ಎರಡೂ ಶಾಲೆಗಳಿಂದ ಬೇಕು. ನಡುವೆ ಒಂದೇ ಒಂದು ವರ್ಷ ವಿಜಯಪುರ ನಗರದ ಶಾಲೆಗೆ ಹೋಗಿದ್ದರೂ ಗ್ರಾಮೀಣ ಮೀಸಲಾತಿ ಕೈತಪ್ಪುತ್ತದೆ. ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲಾತಿ ಕೇಳಿದರೆ ಕೆನೆಪದರಕ್ಕೆ ಸೇರಿಲ್ಲ ಎಂಬ ತಹಶೀಲ್ದಾರರ ಪ್ರಮಾಣಪತ್ರವೂ ಬೇಕು. ನಿಮ್ಮ ಊರು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಗೆ ಏರಿದ್ದರೆ, ಯಾವ ವರ್ಷದಿಂದ ಅದು ಗ್ರಾಮೀಣ ಲೆಕ್ಕಕ್ಕೆ ಬರುವುದಿಲ್ಲ ಎಂದು ಬಿಇಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳಿ. ತಿಕೋಟಾ, ಬಬಲೇಶ್ವರ ಹೊಸ ತಾಲ್ಲೂಕುಗಳಾದ ಮೇಲೆ ನಮ್ಮ ಕಡೆ ಈ ಗೊಂದಲ ಹೆಚ್ಚು.

ಜಾತಿ, ಆದಾಯ ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಬೇಕಾಗುತ್ತದೆ. ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಒಂದು ರೀತಿ, ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇದ್ದರೆ ಈಗಲೇ ಸರಿಪಡಿಸಿ. ಜುಲೈನಲ್ಲಿ ನಾಡಕಚೇರಿ ಮುಂದೆ ಸಾಲು ನಿಂತಾಗ ಅದಕ್ಕೆ ಸಮಯ ಇರುವುದಿಲ್ಲ.

ತಿಕೋಟಾದ ಆಚೆ ಗಡಿ ದಾಟಿದರೆ ಜತ್ತ ತಾಲ್ಲೂಕು. ಅಲ್ಲಿಯ ಕನ್ನಡಿಗ ಮಕ್ಕಳಿಗೂ ಒಂದು ದಾರಿ ಇದೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳ, ಕೇರಳದ ಕಡೆ ಕಾಸರಗೋಡು, ಹೊಸದುರ್ಗ, ಮಂಜೇಶ್ವರದ ಕನ್ನಡ ಮಾತೃಭಾಷೆಯವರು ಗಡಿನಾಡ ಕನ್ನಡಿಗರೆಂದು ಕೆಇಎ ಸೀಟಿಗೆ ಅರ್ಜಿ ಹಾಕಬಹುದು. ಪ್ರಾಧಿಕಾರ ನಡೆಸುವ ಕನ್ನಡ ಪರೀಕ್ಷೆ ಪಾಸಾಗಬೇಕು. ಅಲ್ಲಿ ನಿಮ್ಮ ಬೀಗರು ಬಿಜ್ಜರು ಇದ್ದರೆ ಈ ಸುದ್ದಿ ಮುಟ್ಟಿಸಿ.

ಐದೂವರೆ ವರ್ಷದ ಲೆಕ್ಕ

ಇತ್ತೀಚಿನ ವರ್ಷಗಳ ಶುಲ್ಕ ಹಿಡಿದು ಒರಟಾಗಿ ಲೆಕ್ಕ ಹಾಕೋಣ. ಪ್ರತಿ ವರ್ಷ ಬದಲಾಗುತ್ತದೆ, ಆದರೆ ಅಳತೆ ತಿಳಿಯಲು ಇದು ಸಾಕು. ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಒಂದು ಲಕ್ಷದೊಳಗೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಸೀಟಿಗೆ ಹತ್ತರಿಂದ ಹನ್ನೆರಡು ಲಕ್ಷ. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಇಪ್ಪತ್ತು ಲಕ್ಷದ ಆಚೀಚೆ. ಎನ್‌ಆರ್‌ಐ ಸೀಟು ಅದಕ್ಕೂ ಮೇಲೆ. ನಾಲ್ಕೂವರೆ ವರ್ಷಕ್ಕೆ ಗುಣಿಸಿ ನೋಡಿ: ಮೊದಲನೆಯದು ಹೆಚ್ಚೆಂದರೆ ನಾಲ್ಕೂವರೆ ಲಕ್ಷ, ಎರಡನೆಯದು ಏಳು ಲಕ್ಷದೊಳಗೆ, ಮೂರನೆಯದು ಐವತ್ತು ಲಕ್ಷದ ಹತ್ತಿರ, ನಾಲ್ಕನೆಯದು ತೊಂಬತ್ತು ಲಕ್ಷ. ಹಾಸ್ಟೆಲ್, ಮೆಸ್, ಪುಸ್ತಕ, ಪರೀಕ್ಷಾ ಶುಲ್ಕ ಬೇರೆ.

ಕಾಲೇಜಿಗೆ ಹೋದಾಗ ಒಂದು ಪ್ರಶ್ನೆ ತಪ್ಪದೇ ಕೇಳಿ: ಶುಲ್ಕ ನಾಲ್ಕೂವರೆ ವರ್ಷದ್ದೋ, ಐದು ವರ್ಷದ್ದೋ? ಪಾಠ ಇರುವುದು ನಾಲ್ಕೂವರೆ ವರ್ಷ, ಉಳಿದ ಒಂದು ವರ್ಷ ಇಂಟರ್ನ್‌ಶಿಪ್. ಅರ್ಧ ವರ್ಷದ ಫೀ ಎಂದರೆ ಖಾಸಗಿ ಸೀಟಿನಲ್ಲಿ ಐದಾರು ಲಕ್ಷ, ಡೀಮ್ಡ್‌ನಲ್ಲಿ ಹತ್ತು ಲಕ್ಷ.

ಬ್ಯಾಂಕಿನಲ್ಲಿ ಏಳೂವರೆ ಲಕ್ಷದವರೆಗೆ ಅಡಮಾನವಿಲ್ಲದೆ ಶಿಕ್ಷಣ ಸಾಲ ಸಿಗುವ ವ್ಯವಸ್ಥೆ ಇದೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿನ ಶುಲ್ಕ ಅದರಲ್ಲೇ ಮುಗಿಯುತ್ತದೆ. ಅದಕ್ಕಿಂತ ಹೆಚ್ಚಿನ ಸಾಲಕ್ಕೆ ಹೊಲದ ಉತಾರ, ಮನೆ ಕಾಗದ ಇಡಬೇಕಾಗುತ್ತದೆ, ಓದುವ ವರ್ಷಗಳಲ್ಲೂ ಬಡ್ಡಿ ಬೆಳೆಯುತ್ತಿರುತ್ತದೆ. ನಾಲ್ಕು ಎಕರೆ ದ್ರಾಕ್ಷಿ ತೋಟವನ್ನು ತೊಂಬತ್ತು ಲಕ್ಷದ ಸೀಟಿಗೆ ಒಡ್ಡಬೇಡಿ ಎಂಬುದು ನನ್ನ ಖಚಿತ ಮಾತು. ಒಂದು ಆಲಿಕಲ್ಲು ಮಳೆ ಸಾಕು, ಆ ಲೆಕ್ಕ ಬುಡಮೇಲಾಗಲು. ಒಂದು ವರ್ಷ ಮತ್ತೆ ಓದಿ ನೀಟ್ ಬರೆದು ಸರ್ಕಾರಿ ಕೋಟಾಕ್ಕೆ ಪ್ರಯತ್ನಿಸುವುದರಲ್ಲಿ ಯಾವ ಅವಮಾನವೂ ಇಲ್ಲ. ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನ, ಅಲ್ಪಸಂಖ್ಯಾತರಿಗೆ ಅಭಿವೃದ್ಧಿ ನಿಗಮದ ಅರಿವು ಸಾಲ ಇವೆ. ಸೀಟು ಸಿಕ್ಕ ಮೇಲೆ ಕೇಳುವುದಲ್ಲ, ಮೊದಲೇ ವಿಚಾರಿಸಿಡಿ.

ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯಲ್ಲಿ ನಿಲ್ಲಿ

ಕಾಲೇಜು ಚೆನ್ನಾಗಿದೆಯೇ ಎಂದು ತಿಳಿಯಲು ಕಟ್ಟಡ ನೋಡಿ ಪ್ರಯೋಜನವಿಲ್ಲ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅದರ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗಿ, ಚೀಟಿ ಮಾಡಿಸುವ ಕೌಂಟರ್ ಎದುರು ಅರ್ಧ ಗಂಟೆ ನಿಲ್ಲಿ. ಸಾಲು ಎಷ್ಟು ಉದ್ದ ಇದೆ? ಬಂದವರು ಯಾರು? ರುಮಾಲು ಸುತ್ತಿದ ಅಜ್ಜಂದಿರು, ಕೂಸು ಎತ್ತಿಕೊಂಡ ತಾಯಂದಿರು, ಬಸುರಿಯರು ಹಳ್ಳಿಗಳಿಂದ ಬಂದು ಕಾಯುತ್ತಿದ್ದಾರೆಯೇ? ಆಮೇಲೆ ವಾರ್ಡ್‌ಗಳ ಕಡೆ ನಡೆಯಿರಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ 100 ಸೀಟಿನ ಕಾಲೇಜಿಗೆ 420, 150 ಸೀಟಿನ ಕಾಲೇಜಿಗೆ 605 ಹಾಸಿಗೆ ಇರಬೇಕು, ಸರಾಸರಿ ನೂರಕ್ಕೆ 80 ಭರ್ತಿಯಾಗಿರಬೇಕು. ಹಾಸಿಗೆಯಲ್ಲಿ ರೋಗಿ ಇದ್ದಾರೆಯೇ, ಕಾಲಬುಡದಲ್ಲಿ ಕೇಸ್ ಶೀಟ್ ಇದೆಯೇ, ಸುತ್ತ ನಾಲ್ಕಾರು ವಿದ್ಯಾರ್ಥಿಗಳು ನಿಂತು ಕಲಿಯುತ್ತಿದ್ದಾರೆಯೇ ನೋಡಿ. ರೋಗಿಗಳೇ ಇಲ್ಲದ ಆಸ್ಪತ್ರೆಯಲ್ಲಿ ಎಂಥ ಪ್ರಾಧ್ಯಾಪಕರಿದ್ದರೂ ಹುಡುಗರು ಪುಸ್ತಕದ ವೈದ್ಯರಾಗುತ್ತಾರೆ.

ಕ್ಯಾಂಟೀನಿನಲ್ಲಿ ಇಂಟರ್ನ್‌ಗಳು ಸಿಗುತ್ತಾರೆ. ಅವರು ನೇರ ಮಾತಾಡುತ್ತಾರೆ. ಅವರಿಗೆ ಕೇಳಬೇಕಾದ್ದು: ನಿಮ್ಮ ಕೈಯಾರೆ ಎಷ್ಟು ಹೆರಿಗೆ ಮಾಡಿಸಿದಿರಿ? ಹೊಲಿಗೆ ಹಾಕಲು ಬಿಡುತ್ತಾರೆಯೇ? ರಾತ್ರಿ ಪಾಳಿಯಲ್ಲಿ ಹಿರಿಯರು ಇರುತ್ತಾರೆಯೇ? ಹಾವು ಕಡಿದವರು, ಬೆಳೆಗೆ ಹೊಡೆಯುವ ಎಣ್ಣಿ ಕುಡಿದವರು ಬಂದರೆ ಇಲ್ಲೇ ಉಳಿಸಿಕೊಳ್ಳುತ್ತಾರೋ, ಬೇರೆ ಕಡೆ ಕಳಿಸುತ್ತಾರೋ? ಸ್ಟೈಪೆಂಡ್ ತಿಂಗಳಿಗೆ ಸರಿಯಾಗಿ ಬರುತ್ತದೆಯೇ? ಮೊದಲ ವರ್ಷದವರಿಗೆ ಅಂಗರಚನಾ ವಿಭಾಗದ ಒಂದು ಮೇಜಿಗೆ ಎಷ್ಟು ಜನ ಎಂದು ಕೇಳಿ. ಹಿಂದಿನ ಸಾಲಿನಲ್ಲಿ ನಿಂತು ಇಣುಕುವವರಿಗೆ ನರ ಯಾವುದು, ರಕ್ತನಾಳ ಯಾವುದು ಎಂದು ಕೈಗೆ ಹತ್ತುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಮುಖ್ಯ ಪ್ರಶ್ನೆ: ಮೊದಲ ವರ್ಷ ಹಿಂದೆ ಬಿದ್ದವರನ್ನು ಕೈಹಿಡಿದು ನಡೆಸುವವರು ಅಲ್ಲಿ ಇದ್ದಾರೆಯೇ? ನೀಟ್ ಅನ್ನು ಕನ್ನಡದಲ್ಲಿ ಬರೆಯಬಹುದು, ಎಂಬಿಬಿಎಸ್ ಪಾಠ ಇಂಗ್ಲಿಷಿನಲ್ಲೇ. ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಅವಕಾಶ, ಇಡೀ ಕೋರ್ಸ್ ಒಂಬತ್ತು ವರ್ಷದೊಳಗೆ ಮುಗಿಯಬೇಕು. ಮೊದಲ ಆರು ತಿಂಗಳು ಕಷ್ಟ ಆಗುತ್ತದೆ, ಆಮೇಲೆ ಸಲೀಸಾಗುತ್ತದೆ. ಎರಡನೇ ವರ್ಷ ವಾರ್ಡಿಗೆ ಹೋದಾಗ 'ಎದಿ ಉರೀತೈತ್ರಿ, ಕಣ್ಣಿಗೆ ಕತ್ತಲಿ ಬರ್ತೈತಿ' ಎನ್ನುವ ಅಜ್ಜಿಯ ಮಾತು ಹೊರರಾಜ್ಯದ ಸಹಪಾಠಿಗೆ ತಿಳಿಯುವುದಿಲ್ಲ, ನಿಡೋಣಿಯ ಹುಡುಗಿಗೆ ತಕ್ಷಣ ತಿಳಿಯುತ್ತದೆ. ರೋಗ ಅರ್ಧ ಹಿಡಿದಂತೆಯೇ ಅದು. ಬೆಂಗಳೂರಿನ ದೂರದ ಕಾಲೇಜಿಗಿಂತ ನಮ್ಮ ಭಾಗದ, ರೋಗಿಗಳಿಂದ ತುಂಬಿದ ಸರ್ಕಾರಿ ಆಸ್ಪತ್ರೆ ಮೇಲು ಎಂದು ನಾನು ಹೇಳುವುದು ಇದಕ್ಕೇ.

ಆಯ್ಕೆ ತುಂಬುವ ದಿನ

ನೀಟ್ ಅರ್ಜಿ ಬೇರೆ, ಕೆಇಎ ಅರ್ಜಿ ಬೇರೆ, ಎಂಸಿಸಿ ನೋಂದಣಿ ಬೇರೆ. ನೀಟ್ ಬರೆದರೆ ಎಲ್ಲ ತಾನಾಗಿ ಬರುತ್ತದೆ ಎಂದು ಕೂತು ವರ್ಷ ಕಳೆದುಕೊಂಡವರಿದ್ದಾರೆ. ಕೆಇಎ ಆಯ್ಕೆ ಪಟ್ಟಿಯಲ್ಲಿ ಒಂದೇ ಕಾಲೇಜಿನ ಸರ್ಕಾರಿ ಸೀಟು, ಖಾಸಗಿ ಸೀಟು ಎರಡು ಬೇರೆ ಸಾಲುಗಳಲ್ಲಿ ಬರುತ್ತವೆ, ಮುಂದೆ ಶುಲ್ಕ ನಮೂದಾಗಿರುತ್ತದೆ. ಆ ಶುಲ್ಕದ ಕಲಂ ಓದದೆ ಒಂದು ಸಾಲನ್ನೂ ಸೇರಿಸಬೇಡಿ. ಕಟ್ಟಲಾಗದ ಸೀಟನ್ನು ಪಟ್ಟಿಗೆ ಹಾಕಲೇಬೇಡಿ.

ಉಳಿದವನ್ನು ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ. ಸಿಗಲಾರದ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದೂ ಹೋಗುತ್ತದೆ ಎಂಬ ಭಯ ಬೇಡ. ನಿಮ್ಮ ರ‍್ಯಾಂಕಿಗೆ ಸಿಗಬಹುದಾದವುಗಳಲ್ಲಿ ಪಟ್ಟಿಯ ಅತ್ಯಂತ ಮೇಲಿನದನ್ನೇ ವ್ಯವಸ್ಥೆ ಕೊಡುತ್ತದೆ. ಎಂಸಿಸಿಯಲ್ಲಿ ಡೀಮ್ಡ್ ಸೀಟಿಗೆ ನೋಂದಾಯಿಸಲು ಎರಡು ಲಕ್ಷ ಠೇವಣಿ ಇಡಬೇಕು. ಮೊದಲ ಸುತ್ತಿನಲ್ಲಿ ಸೀಟು ಬೇಡವೆಂದರೆ ಆ ಹಣ ಉಳಿಯುತ್ತದೆ, ಎರಡನೇ ಸುತ್ತಿನಿಂದ ಕೈಬಿಡುವ ಭಯ ಇದೆ. ಪದವಿ ಮುಗಿದ ಮೇಲೆ ಸರ್ಕಾರಿ ಸೇವೆಯ ಷರತ್ತು ಏನಿದೆ ಎಂಬುದನ್ನು ಆ ವರ್ಷದ ಕೈಪಿಡಿಯಲ್ಲೇ ಓದಿ.

'ಸೀಟ್ ಕೊಡಸ್ತೀನಿ, ಮುಂಗಡ ಕೊಡ್ರಿ' ಎನ್ನುವವರು ಜೂನ್ ತಿಂಗಳಲ್ಲಿ ಹಳ್ಳಿಗೇ ಬರುತ್ತಾರೆ. ನನ್ನ ಪರಿಚಯದ ಮನೆಯೊಂದು ಎತ್ತು ಮಾರಿದ ಹಣವನ್ನು ಹೀಗೆ ಕಳೆದುಕೊಂಡಿತು. ಎಂಬಿಬಿಎಸ್‌ನ ಯಾವ ಸೀಟೂ, ಮ್ಯಾನೇಜ್‌ಮೆಂಟ್ ಸೀಟೂ ಸೇರಿ, ನೀಟ್ ಮತ್ತು ಅಧಿಕೃತ ಕೌನ್ಸೆಲಿಂಗ್ ಬಿಟ್ಟು ಬೇರೆ ದಾರಿಯಲ್ಲಿ ಸಿಗುವುದಿಲ್ಲ. ವಿದೇಶಕ್ಕೆ ಕಳಿಸುವವರೂ ಹಾಗೆಯೇ ಬರುತ್ತಾರೆ. 2021ರ ನಿಯಮದಂತೆ ಅಲ್ಲಿಯ ಕೋರ್ಸ್ ಇಂಗ್ಲಿಷಿನಲ್ಲಿ ಕನಿಷ್ಠ 54 ತಿಂಗಳು ಇರಬೇಕು, 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಆಗಬೇಕು, ಇಲ್ಲಿಗೆ ಬಂದು ಪರೀಕ್ಷೆ ಪಾಸಾಗಿ ಮತ್ತೆ 12 ತಿಂಗಳು ದುಡಿಯಬೇಕು. ಇದಿಷ್ಟನ್ನೂ ಬರೆದುಕೊಡದ ಏಜೆಂಟನನ್ನು ಮನೆಯೊಳಗೆ ಕರೆಯಬೇಡಿ.

ತಿಕೋಟಾದ ಆ ಯಜಮಾನರ ಹಾಳೆಯ ಹಿಂಬದಿಯಲ್ಲಿ ನಾವಿಬ್ಬರೂ ಹೊಸ ಪಟ್ಟಿ ಬರೆದೆವು. ಎಡಕ್ಕೆ ಕಾಲೇಜು, ನಡುವೆ ಸೀಟಿನ ಬಗೆ, ಬಲಕ್ಕೆ ನಾಲ್ಕೂವರೆ ವರ್ಷದ ಒಟ್ಟು ಮೊತ್ತ. ಇಪ್ಪತ್ತು ನಿಮಿಷದ ಕೆಲಸ. ಇದನ್ನು ಓದುತ್ತಿರುವ ತಂದೆ ತಾಯಂದಿರು ಇವತ್ತೇ ಅಂಥದೊಂದು ಹಾಳೆ ಬರೆಯಿರಿ. ಬರುವ ಸೋಮವಾರ ಮಗುವಿನ ಹಳೆಯ ಶಾಲೆಗೆ ಹೋಗಿ ವ್ಯಾಸಂಗ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ, ಬಿಇಒ ಮೇಲುಸಹಿ ಮಾಡಿಸಿಕೊಂಡೇ ಮನೆಗೆ ಬನ್ನಿ.